ಒಲೆ ಒಡೆದ ಸುಗ್ಗಿ

ಹೋದ ವಾರ ಸೊರಬದ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಾಗ ಕಿಟಕಿಯಿಂದ ಗೋವಿನಜೋಳದ ಬೆಂಡು ಸುಡುವ ವಾಸನೆ ಬಂತು. ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡನ್ನು ಈ ಕಡೆಯವರು ಬಿಸಾಡುವುದಿಲ್ಲ, ಒಲೆಗೆ ಹಾಕುತ್ತಾರೆ. ಸುಗ್ಗಿ ಮುಗಿಯುವ ಹೊತ್ತಿಗೆ ಪೇಟೆಯ ಹಿಂದಿನ ಓಣಿಗಳಲ್ಲೆಲ್ಲ ಇದೇ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ರೊಟ್ಟಿ ಸುಡಾಕೆ ಹತ್ಯಾರೆ ನೋಡ್ರೀ, ಹೊಟ್ಟೆ ಹಸೀತತೆ" ಎಂದು ನಕ್ಕರು. ನನಗೆ ಹಸಿವಾಗಲಿಲ್ಲ, ಸಿಟ್ಟು ಬಂತು. ಅಷ್ಟು ಹಳೆಯ ಸಿಟ್ಟು ಇಷ್ಟು ಬಿಸಿಯಾಗಿ ಉಳಿದಿದೆಯಲ್ಲ ಎಂದು ನನಗೇ ಸೋಜಿಗವಾಯಿತು.

ನಾನು ಮಾಡುವ ಕೆಲಸ ಏನೆಂಬುದು ನಮ್ಮ ಅತ್ತೆಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಮೌಲ್ಯಮಾಪನ ಎಂದರೆ ಅವರ ಪಾಲಿಗೆ ಎಸ್ಸೆಸ್ಸೆಲ್ಸಿ ಪೇಪರು ತಿದ್ದುವುದು. ಒಂದು ಲೆಕ್ಕಕ್ಕೆ ಅದೂ ತಪ್ಪಲ್ಲ. ಯಾರೋ ಹಣ ಹಾಕಿ ಊರುಗಳಲ್ಲಿ ಒಂದು ಕಾರ್ಯಕ್ರಮ ನಡೆಸುತ್ತಾರೆ. ಅದರಿಂದ ಜನಕ್ಕೆ ಉಪಯೋಗವಾಯಿತೋ ಇಲ್ಲವೋ ಎಂದು ಹೋಗಿ ನೋಡಿ, ಕೇಳಿ, ಬರೆದುಕೊಡುವುದು ನನ್ನ ಕೆಲಸ. ಎಸ್ಸೆಸ್ಸೆಲ್ಸಿ ಪೇಪರಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಇಲ್ಲಿ ಪೇಪರು ತಿದ್ದುವವರಿಗೆ ಸಂಬಳ ಕೊಡುವವರು ಪರೀಕ್ಷೆ ಬರೆದವರೇ.

ಆ ಸಿಟ್ಟು ಹುಟ್ಟಿದ ವರ್ಷ ಬೆಂಗಳೂರಿನ ಒಂದು ಟ್ರಸ್ಟು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಹೊಗೆ ಕಡಿಮೆ ಮಾಡುವ ಕಬ್ಬಿಣದ ಒಲೆ ಹಂಚಿತ್ತು. ಅದರ ಕಾರ್ಯಕ್ರಮ ಅಧಿಕಾರಿ ಕಿರಣ್ ಎಂಬ ಹುಡುಗ. ಹುಡುಗ ಎಂದರೆ ನನಗೆ ಹುಡುಗ, ಮೂವತ್ತು ದಾಟಿದವನು. ಬಹಳ ವಿನಯ. ಕೂತವನು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಶಿಕಾರಿಪುರದ ಅವರ ಆಫೀಸಿನಲ್ಲಿ ಮೊದಲ ಸಲ ಕೂತಾಗ, ಒಲೆ ಪಡೆದ ಹೆಂಗಸರಿಗೆ ಕೇಳಲೆಂದು ಆತ ಮುಂದೆ ತಳ್ಳಿದ ಪ್ರಶ್ನೆಗಳನ್ನು ಓದಿದೆ. ಒಲೆ ಬಂತೇ, ಯಾವಾಗ ಬಂತು, ಕೊಟ್ಟವರು ಚೆನ್ನಾಗಿ ಮಾತಾಡಿಸಿದರೇ, ನಿಮಗೆ ಸಂತೋಷವಾಯಿತೇ. ಒಲೆ ಹೊತ್ತಿಸುತ್ತೀರೋ ಇಲ್ಲವೋ ಎಂಬುದು ಮಾತ್ರ ಎಲ್ಲೂ ಇಲ್ಲ.

"ಕಿರಣ್, ಒಲೆ ಉಪಯೋಗ ಆಗ್ತಿಲ್ಲ ಅಂತ ಗೊತ್ತಾದ್ರೆ ನೀವೇನು ಮಾಡ್ತೀರಿ?" ಎಂದು ಕೇಳಿದೆ.

"ಹಾಗೆ ಬರಲ್ಲ ಮೇಡಂ."

"ಬಂದ್ರೆ?"

ಆತ ನಕ್ಕ. ನಾನು ನಗಲಿಲ್ಲ. ಉತ್ತರ ಏನೇ ಬಂದರೂ ನಿಮ್ಮ ಕೆಲಸದಲ್ಲಿ ಏನೂ ಬದಲಾಗುವುದಿಲ್ಲವೆಂದರೆ ಕೇಳುವುದೇ ದಂಡ, ಆ ಹೆಂಗಸರ ಹೊತ್ತೂ ಹಾಳು ಎಂದೆ. ಆಮೇಲೆ ಕೂತು ಮಾತಾಡಿದೆವು. ಏನು ತಿಳಿಯಬೇಕು, ಯಾಕೆ ತಿಳಿಯಬೇಕು, ತಿಳಿದದ್ದನ್ನು ಯಾರಿಗೆ ಹೇಳಬೇಕು ಎಂಬುದೆಲ್ಲ ಇತ್ಯರ್ಥವಾಯಿತು. ವರದಿಯ ಕೊನೆಯ ಮಾತು ನನ್ನದು. ಮಾತಾಡಿದ ಯಾರ ಹೆಸರನ್ನೂ ಅವರು ಒಪ್ಪದೆ ಹೊರಗೆ ಬಿಡುವುದಿಲ್ಲ. ಇನ್ನು, ಟ್ರಸ್ಟಿನವರು ಶುರು ಮಾಡಲಿದ್ದ ಎರಡನೇ ಹಂತವನ್ನು ವರದಿ ಬರುವವರೆಗೆ ತಡೆಹಿಡಿಯಬೇಕು.

ಆ ಎರಡನೇ ಹಂತ ಏನೆಂದು ಮೊದಲೇ ಕೇಳಿದ್ದೆ. ಹಳೆಯ ಮಣ್ಣಿನ ಒಲೆ ಇರುವತನಕ ಹೆಂಗಸರು ಹೊಸದನ್ನು ಮುಟ್ಟುವುದಿಲ್ಲ, ಹಾಗಾಗಿ ಹಳೆಯದನ್ನು ಒಡೆಸಿ ಫೋಟೋ ತೆಗೆಯುವುದು. ಫೋಟೋ ಇದ್ದರೆ ಟ್ರಸ್ಟಿಗೆ ಹೊರದೇಶದಿಂದ ಮುಂದಿನ ನೆರವು. "ಅಷ್ಟೇ ಮೇಡಂ, ಸಿಂಪಲ್" ಎಂದಿದ್ದ ಕಿರಣ್. ಕೊನೆಗೆ ತಡೆಹಿಡಿಯುತ್ತೇವೆ ಎಂದು ಮಾತು ಕೊಟ್ಟ. ಇಮೇಲಿನಲ್ಲೂ ಬರೆದ.

ಮೊದಲ ದಿನಗಳಲ್ಲಿ ಟ್ರಸ್ಟಿನ ಜೀಪಿನಲ್ಲೇ ತಿರುಗಿದೆವು. ನನ್ನ ಜೊತೆ ನಸ್ರೀನ್ ಇದ್ದಳು. ಶಿರಾಳಕೊಪ್ಪದಲ್ಲಿ ತಗಡಿನ ಟ್ರಂಕು ಮಾಡುವವರ ಮಗಳು, ಸಮಾಜಕಾರ್ಯ ಓದಿಕೊಂಡು ಇಂಥ ಕೆಲಸಗಳಿಗೆ ಬರುತ್ತಿದ್ದವಳು. ಬಾಯಿ ಸ್ವಲ್ಪ ಜೋರು. ಸೊರಬದ ಕಡೆ ಬೆಳಗಿನ ಮಂಜು ಇನ್ನೂ ಗದ್ದೆಯ ಮೇಲೆ ಕೂತಿರುವಾಗಲೇ ಜೀಪು ಹೋಗಿ ನಿಲ್ಲುತ್ತಿತ್ತು. "ಬನ್ನಿ ಅಮ್ಮ, ಕೂತ್ಕಳಿ" ಎಂದು ಚಾಪೆ ಹಾಸುತ್ತಿದ್ದರು. ಹೊಸ ಒಲೆಯಲ್ಲೇ ಚಹಾ ಕಾಯುತ್ತಿತ್ತು. ಒಲೆ ಹೇಗಿದೆ ಎಂದರೆ ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಶಿಕಾರಿಪುರದ ಕಡೆಯೂ ಅದೇ ಮಾತು, "ಚಲೋ ಐತ್ರೀ, ಏನೂ ತ್ರಾಸಿಲ್ರೀ." ಒಂದು ಮನೆಯಲ್ಲಂತೂ ಒಲೆಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಹೂ ಮುಡಿಸಿದ್ದರು. ಒಳಗೆ ಬೂದಿಯ ಕಣವಿರಲಿಲ್ಲ.

ನಸ್ರೀನ್ ಅದರ ಬಾಯೊಳಗೆ ಬೆರಳಾಡಿಸಿ ನನಗೆ ತೋರಿಸಿದಳು. "ಮೇಡಂ, ಇದಕ್ಕೆ ಪೂಜೆ ಆಗೈತೆ, ಅಡುಗೆ ಆಗಿಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ, ಮರ್ಯಾದೆ ಮಾಡುತ್ತಿದ್ದರು. ಕೊಟ್ಟವರು ಅಂಗಳದಲ್ಲಿ ನಿಂತಿರುವಾಗ ಅವರು ಕೊಟ್ಟದ್ದು ಸರಿಯಿಲ್ಲ ಎನ್ನುವ ಅಭ್ಯಾಸ ಈ ಸೀಮೆಯಲ್ಲಿ ಯಾರಿಗೂ ಇಲ್ಲ. ಮದುವೆಗೆ ಬಂದ ನೆಂಟರು ಉಡುಗೊರೆ ತಂದರೆ ಅವರೆದುರಿಗೆ ಬಿಚ್ಚಿ ಹೆಸರಿಡುತ್ತೇವೆಯೇ? ಜೀಪು ಬಂತೆಂದರೆ ಮುಂದಿನ ಬೀದಿಯಿಂದ ಸುದ್ದಿ ಓಡುತ್ತಿತ್ತು, ಒಲೆ ಹೊತ್ತುತ್ತಿತ್ತು. ಟ್ರಸ್ಟಿನವರು ಇಷ್ಟು ದಿನ ತಮ್ಮ ಒಲೆಯನ್ನು ಹೊತ್ತಿದ್ದಾಗ ಮಾತ್ರ ಕಂಡಿದ್ದರು, ಯಾಕೆಂದರೆ ಅದು ಅವರು ಬಂದಾಗ ಮಾತ್ರ ಹೊತ್ತುತ್ತಿತ್ತು. ಇಷ್ಟು ಓದಿಕೊಂಡವರಿಗೆ ಇದು ಹೊಳೆಯಲಿಲ್ಲವೇ ಎಂದು ಆಗ ಸಿಟ್ಟಾಗಿದ್ದೆ. ಹೊಳೆಯದಿದ್ದರೇ ಅನುಕೂಲ ಎಂಬುದು ಆಮೇಲೆ ತಿಳಿಯಿತು.

ಜೀಪು ಬೇಡವೆಂದೆ. ನಾನು ಮತ್ತು ನಸ್ರೀನ್ ಬಸ್ಸು ಹಿಡಿದು, ಇಳಿದು ನಡೆದು, ಹೇಳದೆ ಕೇಳದೆ ಅಡುಗೆಯ ಹೊತ್ತಿಗೆ ಹೋಗತೊಡಗಿದೆವು. ಸುಗ್ಗಿಯಾದ್ದರಿಂದ ರಸ್ತೆಯ ಅರ್ಧಭಾಗ ಗೋವಿನಜೋಳ ಒಣಗಲು ಹರವಿದ್ದರು. ಮಧ್ಯಾಹ್ನ ಹೋದರೆ ಮನೆಗಳಲ್ಲಿ ಯಾರೂ ಇರುತ್ತಿರಲಿಲ್ಲ, ಎಲ್ಲ ಹೊಲದಲ್ಲಿ. ಹಾಗಾಗಿ ಬೆಳ್ಳಂಬೆಳಗ್ಗೆ ಹೋಗಿ ಒಲೆಯ ಮುಂದೆಯೇ ಕೂತು ಮಾತಾಡುತ್ತಿದ್ದೆವು.

ಸೊರಬದ ಹಳ್ಳಿಗಳಲ್ಲಿ ಕೆಲವರು ಹೊಸ ಒಲೆಯನ್ನು ನಿಜಕ್ಕೂ ಇಷ್ಟಪಟ್ಟಿದ್ದರು. ಅನ್ನಕ್ಕೆ, ಸಾರಿಗೆ ಅದು ಸಾಕು. "ಕಣ್ಣುರಿ ಕಮ್ಮಿ ಆಗೈತೆ ಅಮ್ಮ" ಎಂದ ಹೆಂಗಸಿನ ಮುಖದಲ್ಲಿ ಯಾವ ಮರ್ಯಾದೆಯ ನಗುವೂ ಇರಲಿಲ್ಲ, ಇದ್ದದ್ದನ್ನು ಹೇಳಿದಳು. ನಾನೂ ಹಾಗೇ ಬರೆದುಕೊಂಡೆ. ಒಲೆಯ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಶಿಕಾರಿಪುರದ ಕಡೆ ಬರುತ್ತಿದ್ದಂತೆ ಊಟ ಬದಲಾಗುತ್ತದೆ, ರೊಟ್ಟಿ ಬರುತ್ತದೆ. ಅಗಲ ಹಂಚು ಆ ಒಲೆಯ ಮೇಲೆ ಕೂರುವುದಿಲ್ಲ, ಕೂತರೂ ಒಂದು ಪಕ್ಕಕ್ಕೆ ವಾಲುತ್ತದೆ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಒಲೆಯ ಬಾಯಿಗೆ ಎಳೆದ ಕೆಂಡದೆದುರು ನಿಲ್ಲಿಸಿ ಸುಡಬೇಕು. ಹೊಸ ಒಲೆಗೆ ಕೆಂಡ ಎಳೆಯಲು ಜಾಗವೇ ಇಲ್ಲ. ಅದಕ್ಕೆ ಸಣ್ಣಗೆ ಸೀಳಿದ ಸೌದೆಯೇ ಆಗಬೇಕು, ಬೆಂಡು ಹಾಕಿದರೆ ಹೊಗೆ. ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ದೂರದ ಎರಡು ತಾಲ್ಲೂಕುಗಳ ನಡುವೆ ಊಟ ಬೇರೆಯೆಂದು ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಯಾರೂ ಕೇಳಿರಲಿಲ್ಲ.

ಉಡುತಡಿಯಲ್ಲಿ ನೀಲಮ್ಮ ಸಿಕ್ಕಿದ್ದು ಆಗ. ಐವತ್ತರ ಆಚೆಯ ಹೆಂಗಸು. ಶಿರಾಳಕೊಪ್ಪದ ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡುತ್ತಿದ್ದರು. ಗಂಡ ರುದ್ರಪ್ಪನವರಿಗೆ ಸೊಂಟ ಬಿದ್ದಮೇಲೆ ಮನೆ ನಡೆಯುತ್ತಿದ್ದದ್ದೇ ಆ ರೊಟ್ಟಿಯಿಂದ. ಅಡುಗೆಮನೆಯ ನೀಲಿ ಗೋಡೆ, ಗೂಡಿನಲ್ಲಿ ಉಪ್ಪಿನ ಭರಣಿ, ಅದರ ಕೆಳಗೆ ನೆಲಕ್ಕೆ ಹೊಂದಿಸಿದ ಎರಡು ಬಾಯಿಯ ದೊಡ್ಡ ಮಣ್ಣಿನ ಒಲೆ. ಒಂದು ಬಾಯಿಯಲ್ಲಿ ಹಂಚು, ಇನ್ನೊಂದರಲ್ಲಿ ಹಿಟ್ಟಿಗೆ ಬೇಕಾದ ಬಿಸಿನೀರು, ಮುಂದೆ ಕೆಂಡದ ಸಾಲಿನೆದುರು ಉಬ್ಬುವ ರೊಟ್ಟಿ. ಅವರ ಕೈ ನಿಲ್ಲುತ್ತಲೇ ಇರಲಿಲ್ಲ, ತಟ್ಟುತ್ತಲೇ ಮಾತಾಡುತ್ತಿದ್ದರು. ಟ್ರಸ್ಟಿನ ಒಲೆಯ ಮೇಲೆ ಮಡಕೆ ಕವುಚಿ ಇಟ್ಟಿದ್ದರು.

"ಇದರಾಗೆ ದಿನಾ ಚಾ ಮಾಡಾಕೂ ಬೇಜಾರ್ರೀ," ಎಂದರು. "ಆದ್ರೆ ನನ್ನೆಸ್ರು ಬರೀಬ್ಯಾಡ್ರಿ ಅಕ್ಕೋರೆ. ಒಬ್ಬಾಕಿ ತಕರಾರು ತಗದ್ರೂ ಊರಿಗೇ ಏನೂ ಕೊಡಲ್ಲ ಅಂದಾರೆ ಅವ್ರು. ಆಮ್ಯಾಕೆ ಊರೆಲ್ಲ ನನ್ನ ಬೈತತೆ."

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ನಮ್ಮ ಕೆಲಸದಲ್ಲಿ ಅದು ದಿನಾ ಕೊಡುವ ಮಾತು. ಆ ಮನೆಯಲ್ಲಿ ಬಿಸಿ ರೊಟ್ಟಿ ಮುರಿದು ತಿನ್ನುತ್ತ ಕೊಟ್ಟೆನಲ್ಲ, ಅದಕ್ಕೋ ಏನೋ ಸ್ವಲ್ಪ ಗಟ್ಟಿಯಾಗಿಯೇ ಕೊಟ್ಟೆ.

"ಹಳೇ ಒಲೆ ಒಡೀತಾರಂತಲ್ರೀ, ಖರೇ ಏನು?" ಎಂದು ಹೊರಡುವಾಗ ಕೇಳಿದರು. "ಈ ಒಲೆ ಹೋದ್ರೆ ನನ್ನ ಕೈ ಮುರದಂಗೆ."

ನಮ್ಮ ವರದಿ ಬರುವವರೆಗೆ ಯಾರೂ ಮುಟ್ಟುವುದಿಲ್ಲ ಎಂದೆ. ನನಗೆ ಹಾಗೆಂದು ಮಾತು ಕೊಟ್ಟಿದ್ದರಲ್ಲ.

ಕರಡು ವರದಿ ಕಳಿಸಿದ ಮೇಲೆ ಕಿರಣನ ವಿನಯ ಇನ್ನೂ ಹೆಚ್ಚಾಯಿತು. ಫೋನು ಮಾಡಿ ನನ್ನ ಆರೋಗ್ಯ ವಿಚಾರಿಸುತ್ತಿದ್ದ. ಸೊರಬದ ಒಳ್ಳೆಯ ಮಾತುಗಳನ್ನು ಮುಂದಕ್ಕೆ ತರಬಹುದಲ್ಲ ಮೇಡಂ. ಶಿಕಾರಿಪುರದ್ದು ಸ್ವಲ್ಪ ನೆಗೆಟಿವ್ ಆಯಿತು. 'ಬಳಸುತ್ತಿಲ್ಲ' ಅನ್ನುವ ಬದಲು 'ಬಳಕೆ ನಿಧಾನವಾಗಿ ಹೆಚ್ಚುತ್ತಿದೆ' ಅಂದರೆ ಹೇಗೆ? ಹೆಚ್ಚುತ್ತಿದೆ ಎಂದು ನಿಮಗೆ ಹೇಗೆ ಗೊತ್ತು ಎಂದರೆ, ಹೆಚ್ಚಬೇಕಲ್ವಾ ಮೇಡಂ ಎನ್ನುತ್ತಿದ್ದ. ಮುಂದಿನ ವರ್ಷ ಇನ್ನೂ ಕೆಲವು ಜಿಲ್ಲೆಗಳ ಕೆಲಸ ಇದೆ, ನಿಮ್ಮಂಥವರೇ ಬೇಕು ಎಂದೂ ಒಂದು ದಿನ ಅಂದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅಷ್ಟು ನಯವಾಗಿ ಆಮಿಷ ಒಡ್ಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಬಂದದ್ದು ಹೆಸರಿಗೆ.

"ಹೀಗೆ ಹೇಳಿದ್ದು ಯಾವ ಮನೆಯವರು ಅಂತ ಗೊತ್ತಾದ್ರೆ ನಾವೇ ಹೋಗಿ ಮಾತಾಡ್ತೀವಿ ಮೇಡಂ. ಹೆಸರಿಲ್ಲದೆ ನಂಬೋದು ಹೇಗೆ?"

"ನೀವು ಹೋಗಿ ಮಾತಾಡಬಾರದು ಅಂತಾನೇ ಹೆಸರು ಕೊಡಲ್ಲ," ಎಂದೆ.

ಶಿಕಾರಿಪುರದ ಒಂದು ಹೋಟೆಲಿನ ಮೇಲಿನ ಸಭಾಂಗಣದಲ್ಲಿ ಎರಡು ದಿನದ ಸಭೆ ಇಟ್ಟರು. ಮೊದಲ ದಿನ ಅವರ ಸಿಬ್ಬಂದಿ, ನಾನು, ನಸ್ರೀನ್. ಮರುದಿನ ಬೆಂಗಳೂರಿನಿಂದ ಟ್ರಸ್ಟಿ ಬರುವವರಿದ್ದರು. ನಾನು ನನ್ನ ವರದಿ ಓದಿ ಕೂತೆ. ಆಮೇಲೆ ಕಿರಣ್ ಎದ್ದ. ಮೇಡಂ ಅವರ ಅನಿಸಿಕೆಗಳಿಗೆ ಗೌರವವಿದೆ, ಆದರೆ ನೆಲದ ಮೇಲಿನ ವಾಸ್ತವ ಬೇರೆ ಎಂದು ಶುರು ಮಾಡಿದ. ಗೋಡೆಯ ಮೇಲೆ ಒಂದು ಫೋಟೋ ಮೂಡಿತು. 'ಸ್ವಇಚ್ಛೆಯಿಂದ ಹಳೆಯ ಒಲೆ ತೊರೆದ ಮೊದಲ ಕುಟುಂಬ' ಎಂದು ಮೇಲೆ ಬರೆದಿತ್ತು.

ನೀಲಿ ಗೋಡೆ. ಗೂಡಿನಲ್ಲಿ ಉಪ್ಪಿನ ಭರಣಿ. ಅದರ ಕೆಳಗೆ ಮಣ್ಣಿನ ಹೆಂಟೆಗಳ ರಾಶಿ, ನಡುವೆ ಇನ್ನೂ ಬೂದಿ. ಪಕ್ಕದಲ್ಲಿ ಸಲಿಕೆ ಹಿಡಿದ ಸಿಬ್ಬಂದಿಯ ನಗು.

ನಸ್ರೀನ್ ನನ್ನ ತೊಡೆ ಚಿವುಟಿದಳು. ಎದ್ದು ಕೂಗಬೇಕು, ಇದು ಸುಳ್ಳು, ಆ ಒಲೆಯೇ ಆ ಹೆಂಗಸಿನ ಅನ್ನ, ಅವರು ಯಾವತ್ತೂ ಒಪ್ಪುವವರಲ್ಲ ಎನ್ನಬೇಕು ಅನ್ನಿಸಿತು. ಹಾಗೆ ಕೂಗಿದರೆ ಅದು ಯಾರ ಮನೆಯೆಂದು ನನಗೆ ಗೊತ್ತಿದೆ ಎಂದಾಯಿತು. ನನ್ನ ವರದಿಯ ಹೆಸರಿಲ್ಲದ ಹೆಂಗಸು ಅವರೇ ಎಂದೂ ಆಯಿತು. ಕಿರಣ್ ನನ್ನನ್ನೇ ನೋಡುತ್ತಿದ್ದ. ಆ ಮಾತು ಹೇಳಿದವರು ಅವರೇ ಎಂದು ಗೊತ್ತಿದ್ದೇ ಮಾಡಿದನೋ, ಗೊತ್ತಿಲ್ಲದೆ ಮಾಡಿದನೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿಯುವುದೂ ಬೇಡ. ತಡೆಹಿಡಿಯುತ್ತೇನೆಂದು ಮಾತು ಕೊಟ್ಟವನ ಜನ ನಾನು ವರದಿ ಬರೆಯುತ್ತ ಕೂತಿದ್ದಾಗ ಸಲಿಕೆ ಹಿಡಿದು ಹೋಗಿದ್ದರು, ಅಷ್ಟು ಸಾಕು. ಎರಡನೇ ಹಂತ ಯಾಕೆ ಶುರುವಾಯಿತು ಎಂದು ಮಾತ್ರ ಕೇಳಿದೆ. "ಇದು ಪೈಲಟ್ ಮೇಡಂ, ಹಂತ ಅಲ್ಲ" ಎಂದ. ನಾನು ಕಾಗದ ಮಡಚಿ ಎದ್ದು ಬಂದೆ.

ಅಂದು ಮಧ್ಯಾಹ್ನವೇ ಉಡುತಡಿಗೆ ಹೋದೆವು. ನೀಲಮ್ಮ ಹಿತ್ತಿಲಲ್ಲಿ ಹುತ್ತದ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದರು. ನಮ್ಮನ್ನು ಕಂಡು ಕಾಲು ನಿಲ್ಲಿಸಿದರು. ಬನ್ನಿ ಎನ್ನಲಿಲ್ಲ.

ಅವರು ಹೇಳಿದ್ದು ಇಷ್ಟು. ಸಂತೆಯ ದಿನ ಅವರು ರೊಟ್ಟಿ ಕೊಡಲು ಶಿರಾಳಕೊಪ್ಪಕ್ಕೆ ಹೋಗಿದ್ದರು. ಟ್ರಸ್ಟಿನವರು ಬಂದು ರುದ್ರಪ್ಪನವರ ಹತ್ತಿರ ಮಾತಾಡಿದ್ದಾರೆ. ಮನೆಗೆ ಬಂದ ದೊಡ್ಡವರಿಗೆ ಇಲ್ಲ ಅನ್ನುವುದು ಹೇಗೆಂದು ಅವರು ಹೂಂ ಎಂದಿದ್ದಾರೆ, ತೋರಿಸಿದಲ್ಲಿ ಸಹಿ ಹಾಕಿದ್ದಾರೆ. ನೀಲಮ್ಮ ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಮಣ್ಣಿನ ರಾಶಿ. ಅವತ್ತಿನಿಂದ ಪಕ್ಕದ ಮನೆಯವರ ಒಲೆಯಲ್ಲಿ, ಅವರ ಅಡುಗೆ ಮುಗಿಯುವತನಕ ಕಾದು, ಕೈಲಾದಷ್ಟು ರೊಟ್ಟಿ ಮಾಡುತ್ತಿದ್ದರು. ಒಂದು ಖಾನಾವಳಿಯವರು ಆಗಲೇ ಬೇರೆ ಕಡೆ ರೊಟ್ಟಿಗೆ ಹೇಳಿದ್ದರು.

"ಯಾರೂ ಮುಟ್ಟಲ್ಲ ಅಂದಿದ್ರಲ್ರೀ ನೀವು?"

ನನಗೂ ಹಾಗೇ ಹೇಳಿದ್ದರು ಎಂದೆ. ಸಭೆಯಲ್ಲಿ ಫೋಟೋ ತೋರಿಸಿದ್ದನ್ನು, ಅದರ ಮೇಲೆ ಬರೆದದ್ದನ್ನು ನಸ್ರೀನ್ ಹೇಳಿದಳು.

"ಮತ್ತೆ ನೀವ್ಯಾಕೆ ಸುಮ್ನೆ ಕುಂತ್ರಿ?"

"ನಿಮ್ಮ ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ನಲ್ಲ ನೀಲಮ್ಮ."

ಅವರು ಕೆಸರುಗಾಲಲ್ಲೇ ಹತ್ತಿರ ಬಂದರು. ಅಷ್ಟು ಸಿಟ್ಟನ್ನು ನಾನು ಆ ಮುಖದಲ್ಲಿ ನಿರೀಕ್ಷಿಸಿರಲಿಲ್ಲ. "ಒಲೆ ಇದ್ದಾಗ ಹೆಸ್ರು ಮುಚ್ಕೊಂಡಿದ್ದೆ. ಈಗೇನೈತ್ರೀ ಮುಚ್ಚಾಕೆ? ಹೇಳ್ರಿ ನನ್ನೆಸ್ರು. ಬ್ಯಾಡ, ನಾನೇ ಬರ್ತೀನಿ. ನಾಳೆ ಎಷ್ಟೊತ್ತಿಗೈತೆ ಸಭೆ?"

ನಾನು ತಡೆದೆ. ಅವಸರ ಬೇಡ, ಊರವರು ಏನೆನ್ನುತ್ತಾರೋ, ಟ್ರಸ್ಟಿನವರು ಮುಂದೆ ಏನು ಮಾಡುತ್ತಾರೋ, ಬಾರದಿದ್ದರೂ ನಮ್ಮ ವರದಿಯಲ್ಲಿ ಒಂದಕ್ಷರ ಬದಲಾಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಒಳಗಿನಿಂದ ರುದ್ರಪ್ಪನವರು, "ಹೋಗಿ ಬರ್ಲಿ ಬಿಡ್ರೀ. ನಾನು ಹೂಂ ಅಂದಿದ್ದು ಸಾಕಾಗೈತೆ" ಎಂದರು.

ಮರುದಿನ ಬಸ್ಸಿಳಿದು ನಮ್ಮ ಜೊತೆ ನಡೆದು ಬಂದ ನೀಲಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದರು. ನಸ್ರೀನ್ ಬೇಡವೆಂದಳು. ಟ್ರಸ್ಟಿ ವಯಸ್ಸಾದ ಹೆಂಗಸು, ಹತ್ತಿ ಸೀರೆ, ಮೆಲುದನಿ. ಎಲ್ಲರಿಗೂ ನಮಸ್ಕಾರ ಮಾಡಿದರು. ಗೋಡೆಯ ಮೇಲೆ ಅದೇ ಫೋಟೋ ಬಂತು.

"ಇದು ನಮ್ಮನೆ ಒಲೆ," ಎಂದರು ನೀಲಮ್ಮ, ಕೂತಲ್ಲಿಂದಲೇ.

ಕಿರಣ್ ತಕ್ಷಣ, ಕುಟುಂಬದವರ ಒಪ್ಪಿಗೆಯ ಸಹಿ ಇದೆ ಎಂದ.

"ಅವ್ರ ಸಹಿ ಐತ್ರೀ, ಇಲ್ಲ ಅನ್ನಲ್ಲ. ನಮ್ಮನೆಯವ್ರು ಒಂದಿನಾನೂ ಆ ಒಲೆ ಮುಂದೆ ಕುಂತೋರಲ್ಲ. ನನ್ನ ಕೇಳಿದ್ರೇನು ಯಾರಾದ್ರೂ?" ಎಂದು ನೀಲಮ್ಮ ಎದ್ದು ನಿಂತರು. ರೊಟ್ಟಿಯ ವಿಷಯ, ಖಾನಾವಳಿಯ ವಿಷಯ, ಪಕ್ಕದ ಮನೆಯಲ್ಲಿ ಕಾಯುವ ವಿಷಯ ಎಲ್ಲ ಹೇಳಿದರು. ಹೊಸ ಒಲೆ ಯಾಕೆ ಮೂಲೆ ಸೇರಿದೆ ಎಂದೂ ಹೇಳಿದರು. ಕೊನೆಗೆ, "ಅಕ್ಕೋರು ಬರದಾರಲ್ಲ, ಅದನ್ನ ಹೇಳಿದಾಕಿ ನಾನೇ. ಊರಿಗೆ ಕೊಡಾದು ನಿಲ್ಲಿಸಿದ್ರೆ ನನ್ನ ಮನೆಗೆ ನಿಲ್ಲಸ್ರಿ, ಊರಿಗೆ ನಿಲ್ಲಿಸಬ್ಯಾಡ್ರಿ" ಎಂದರು.

ಟ್ರಸ್ಟಿ ಕನ್ನಡಕ ತೆಗೆದು ಒರೆಸಿಕೊಂಡರು. ಒಡೆಯುವ ಕೆಲಸ ಇವತ್ತೇ ನಿಲ್ಲಲಿ ಎಂದರು. ನಿಮಗೆ ಏನು ಬೇಕು ಹೇಳಿ ಅಮ್ಮ, ಕೊಡೋಣ ಎಂದೂ ಸೇರಿಸಿದರು. ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. ನನಗೆ ಅದರಿಂದಲೂ ಮೈ ಉರಿಯಿತು. ಮತ್ತೆ ಕೊಡುವ ಮಾತೇ, ಮನೆಯಾಕೆಯನ್ನು ಕೇಳದೆ ಒಡೆದದ್ದು ಯಾಕೆ ಎಂಬ ಮಾತು ಬರಲೇ ಇಲ್ಲ.

"ಏನೂ ಬ್ಯಾಡ್ರೀ. ಒಲೆ ನಾನೇ ಹಾಕ್ಕೊಂತೀನಿ," ಎಂದರು ನೀಲಮ್ಮ.

ಕಿರಣ್ ಅಷ್ಟರಲ್ಲಿ ತನ್ನ ವಿನಯವನ್ನು ಮತ್ತೆ ಜೋಡಿಸಿಕೊಂಡಿದ್ದ. "ಸಾರಿ ಅಮ್ಮ. ಆ ಫೋಟೋ ಎಲ್ಲ ಕಡೆಯಿಂದ ತೆಗೆಸಿಬಿಡ್ತೀವಿ, ಒಂದೂ ಇರಲ್ಲ," ಎಂದು ಗೋಡೆಯ ಮೇಲಿನ ಚಿತ್ರ ಆರಿಸಲು ಕೈ ಚಾಚಿದ.

"ತಗೀಬ್ಯಾಡ್ರಿ," ಎಂದರು ನೀಲಮ್ಮ. "ತಗದ್ರೆ ಏನೂ ಆಗೇ ಇಲ್ಲ ಅನ್ನಂಗಾಗತೈತೆ. ಇರ್ಲಿ ಅದು. ಅದರ ಕೆಳಗೆ ಒಂದ್ ಮಾತು ಬರೀರಿ. ಆವತ್ತು ಮನೆಯಾಕಿ ಮನ್ಯಾಗೆ ಇರಲಿಲ್ಲ ಅಂತ."

ನನ್ನ ಅಂತಿಮ ವರದಿಯ ಮೊದಲ ಪುಟದಲ್ಲಿ ಆ ಚಿತ್ರವಿದೆ, ಕೆಳಗೆ ಅವರು ಹೇಳಿದ ಮಾತು ಅವರ ಹೆಸರಿನೊಂದಿಗೆ ಇದೆ. ಅದೊಂದು ಸಾಲು ತೆಗೆದರೆ ವರದಿಯನ್ನು ಅಚ್ಚು ಹಾಕಿಸುತ್ತೇವೆ ಎಂದು ಟ್ರಸ್ಟಿನಿಂದ ಮತ್ತೆ ಮತ್ತೆ ಇಮೇಲ್ ಬಂತು. ವರದಿ ಇನ್ನೂ ಅಚ್ಚಾಗಿಲ್ಲ.